ಎಲ್ಲ ಗ್ರಾಹಕರ ಪರವಾಗಿ ಹತ್ತಕ್ಕೆ ಹತ್ತು

ನಿವೃತ್ತಿ ಎಂದರೆ ಶಾಲು, ಹಾರ, ಗೋಡೆ ಗಡಿಯಾರ ಎಂದುಕೊಂಡವರು ನನ್ನನ್ನು ಕ್ಷಮಿಸಬೇಕು. ನಾನು ಮೂವತ್ತೊಂದಕ್ಕೇ ನಿವೃತ್ತನಾದವನು. ಬೀಳ್ಕೊಡುಗೆ ಭಾಷಣ "ಸೋಮವಾರದಿಂದ ಬರಬೇಡ" ಎಂಬ ಎರಡೇ ಪದಗಳಲ್ಲಿ ಮುಗಿಯಿತು. ಹಾರ ಹಾಕುವುದಿರಲಿ, ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯ ನೀಲಿ ದಾರವನ್ನೂ ಬಿಚ್ಚಿಸಿಕೊಂಡರು.

ನನ್ನ ಹೆಸರು ಮಂಜುನಾಥ, ಮನೆ ಕುಂಬಾರಕೊಪ್ಪಲಿನಲ್ಲಿ. ಮೊದಲ ಮೂರು ವರ್ಷ ಮಂಡಿ ಮೊಹಲ್ಲಾದ ಖಾದರ್ ಸಾಬರ ರಿಪೇರಿ ಅಂಗಡಿಯಲ್ಲಿ ಕಲಿತೆ. ಆಮೇಲೆ ಹತ್ತು ವರ್ಷ ಒಂದು ದೊಡ್ಡ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಟಿ.ವಿ., ಕಂಪ್ಯೂಟರ್ ನೋಡಿಕೊಂಡೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನೂ ಅವರು ಜಾಹೀರಾತು ಎಂದುಕೊಳ್ಳುತ್ತಾರೆ. ಈಗ ಮದುವೆ ಆರ್ಕೆಸ್ಟ್ರಾಗಳಲ್ಲಿ ಮೈಕ್ ಹಿಡಿದು ಮಿಮಿಕ್ರಿ ಮಾಡುತ್ತೇನೆ. ಗಂಡಿನ ಕಡೆಯ ಹಿರಿಯರು ಮಾತಾಡುವುದನ್ನು ಐದು ನಿಮಿಷ ಕೇಳಿಸಿಕೊಂಡು, ಅದೇ ಧ್ವನಿಯನ್ನು ಅವರಿಗೇ ಒಪ್ಪಿಸುತ್ತೇನೆ. ಊಟ ಸಿಗುತ್ತದೆ, ಇಲ್ಲಿಯವರೆಗೆ ಏಟು ಸಿಕ್ಕಿಲ್ಲ.

ಡಿಪ್ಲೊಮಾ ಮುಗಿಸಿದವರು ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು, "ಅಣ್ಣಾ, ಈ ರಿಪೇರಿ ಲೈನು ಎಂಗೆ?" ಎಂದು ಕೇಳುತ್ತಾರೆ. ಇದು ಅವರಿಗಾಗಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಯಾರ್‍ಯಾರ ಮೇಲೆ ಎಂದು ಪಟ್ಟಿ ಮಾಡಿದರೆ ನನ್ನ ಹೆಸರೂ ಬರುತ್ತದೆ, ಬಹಳ ಕೆಳಗೇನೂ ಅಲ್ಲ.

ಮೊದಲು ಒಂದು ಸತ್ಯ ತಿಳಿದುಕೊಳ್ಳಿ. ನೀವು ಹೋಗುವ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ಏನೂ ಕೆಟ್ಟಿರುವುದಿಲ್ಲ. "ಟಿ.ವಿ. ಸತ್ತೋಯ್ತು ಕಣಪ್ಪಾ" ಎಂದು ಫೋನಿನಲ್ಲಿ ಅಳುವ ಧ್ವನಿ ಬರುತ್ತದೆ, ಹೋಗಿ ನೋಡಿದರೆ ಕಸ ಗುಡಿಸುವಾಗ ಪೊರಕೆ ತಾಗಿ ಸ್ವಿಚ್ಚು ಆರಿರುತ್ತದೆ. "ಸಿಗ್ನಲ್ ಇಲ್ಲ" ಎಂದು ತೋರಿಸುವ ಟಿ.ವಿ.ಯ ರಿಮೋಟಿನಲ್ಲಿ ಯಾರೋ ಸೋರ್ಸ್ ಬಟನ್ ಒತ್ತಿ, ವೈರೇ ಇಲ್ಲದ ಕಡೆಗೆ ತಿರುಗಿಸಿರುತ್ತಾರೆ. ಸೆಟ್‌ಟಾಪ್ ಬಾಕ್ಸಿಗೆ ಕಸೂತಿ ಹೊದಿಕೆ ಹೊದಿಸಿ, ಅದರ ಮೇಲೆ ದೇವರ ಪಟ ಇಟ್ಟು, ಅದು ಬೆವರಿ ನಿಂತುಹೋದರೆ ಕೇಬಲ್‌ನವನನ್ನು ಬೈಯುತ್ತಾರೆ. ಕಂಪ್ಯೂಟರಿನ ಪಾಸ್‌ವರ್ಡ್ ತಪ್ಪು ಎಂದು ಬಂದರೆ ಯಾರೋ ಕದ್ದುಬಿಟ್ಟರು ಎಂದು ಗಾಬರಿಯಾಗುತ್ತಾರೆ. ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕಿನ ದೀಪ ಸುಮ್ಮನೆ ಉರಿಯುತ್ತಿರುತ್ತದೆ. ಇವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಗುಂಡಿ ಒತ್ತಿ ಮನೆಯವರ ಮುಖ ಅರಳಿಸಿ ಬಂದರೆ ಕಂಪನಿ ಅದನ್ನು ಕೆಲಸವೆಂದೇ ಎಣಿಸುವುದಿಲ್ಲ. ಬೋರ್ಡ್ ಬದಲಿಸಿದರೆ ಮಾತ್ರ ಅದು ಕೆಲಸ. ನನಗೆ ಉರಿಯುವುದು ಅದಕ್ಕೆ.

ಖಾದರ್ ಸಾಬರ ಅಂಗಡಿಯಲ್ಲಿ ಬೇರೆ ಕ್ರಮವಿತ್ತು. ಸ್ಕ್ರೂಡ್ರೈವರ್ ಅವರ ಜೇಬಿನಲ್ಲೇ ಇರುತ್ತಿತ್ತು. ಮೂರು ಸಂಗತಿ ಹೇಳಿದ ಮೇಲಷ್ಟೇ ಅದು ನನ್ನ ಕೈಗೆ ಬರುತ್ತಿತ್ತು: ಯಾವಾಗ ಕೆಟ್ಟಿತು, ಆಗ ಮನೆಯಲ್ಲಿ ಇನ್ನೇನು ಓಡುತ್ತಿತ್ತು, ಕೊನೆಗೆ ಮುಟ್ಟಿದವರು ಯಾರು. ಮೂರನೆಯದಕ್ಕೆ ಉತ್ತರ ಯಾವಾಗಲೂ ಒಂದೇ, ಮನೆಗೆ ಬಂದಿದ್ದ ಭಾವಮೈದುನ. ಆಮೇಲೆ ಅವರು ಸೆಟ್ಟಿನ ಬೆನ್ನು ಬಿಚ್ಚಿ, ಮೂಗು ಹತ್ತಿರ ಒಯ್ದು, ಸುಟ್ಟ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದರು. ಉಬ್ಬಿದ ಒಂದೇ ಒಂದು ಕೆಪಾಸಿಟರ್ ಕಿತ್ತು ಹೊಸದನ್ನು ಬೆಸುಗೆ ಹಾಕಿದರೆ ಮುಗಿಯಿತು. ಅವರು ಮೂಸುವುದನ್ನು ನಾನು ನಟಿಸಿ ತೋರಿಸಿದರೆ ಅಕ್ಕಪಕ್ಕದ ಅಂಗಡಿಯವರೆಲ್ಲ ನಗುತ್ತಿದ್ದರು. ಅವರೂ ನಕ್ಕು, ಮೂಗನ್ನು ಕದ್ದೆ, ವಾಸನೆಯನ್ನು ಯಾವಾಗ ಕದಿಯುತ್ತೀಯ ಎಂದು ಕೇಳುತ್ತಿದ್ದರು.

ಸರ್ವಿಸ್ ಸೆಂಟರಿನಲ್ಲಿ ಹತ್ತು ವರ್ಷ ನನಗೆ ಕಲಿಸಿದ್ದು ರಿಪೇರಿ ಮಾಡದಿರುವುದನ್ನು. ಬೆನ್ನು ಬಿಚ್ಚು, ಫೋಟೊ ತೆಗೆ, ಕಂಪನಿಯ ಆ್ಯಪಿಗೆ ಕಳಿಸು. ಬೋರ್ಡ್ ಹೋಗಿದೆಯೋ ಪ್ಯಾನಲ್ ಹೋಗಿದೆಯೋ ಆ್ಯಪೇ ಹೇಳುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಚೀಲದಲ್ಲಿ ಸಿಕ್ಕರೆ ನೋಟಿಸು. ವೈದ್ಯರ ಬಳಿ ಸ್ಟೆತೊಸ್ಕೋಪ್ ಸಿಕ್ಕಿತೆಂದು ದಂಡ ಹಾಕಿದಂತೆ.

ಇಷ್ಟು ಬೈದ ಮೇಲೆ ನನ್ನದೂ ಒಂದು ಹೇಳಬೇಕು. ಅಶೋಕಪುರಂನಲ್ಲಿ ಸಿದ್ದರಾಜಪ್ಪ ಎಂಬ ಹಿರಿಯರಿದ್ದರು, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಕಂಪ್ಯೂಟರ್ ಹಾಕಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ನಾನು ನೆಲದ ಮೇಲೆ ದುಪ್ಪಟಿ ಹಾಸಿ, ಡಬ್ಬ ಬಿಚ್ಚಿ, ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ, ಹಾರ್ಡ್ ಡಿಸ್ಕ್ ಬಿಚ್ಚಿ, ಬಿಚ್ಚಿದ ಸ್ಕ್ರೂಗಳನ್ನು ಅವರ ಮನೆಯ ಚಹಾ ಬಸಿಯಲ್ಲಿ ತುಂಬಿಸಿ, ಎರಡು ಗಂಟೆ ಶಸ್ತ್ರಚಿಕಿತ್ಸೆ ನಡೆಸಿದೆ. ಅವರು ಎರಡು ಸಲ ಏನೋ ಹೇಳಲು ಬಂದರು. ಇರಿ ಯಜಮಾನ್ರೇ ಎಂದು ಬಾಯಿ ಮುಚ್ಚಿಸಿದೆ. ಮೂರನೆಯ ಸಲ ಅವರು ನನ್ನ ಮಾತು ಕೇಳಲಿಲ್ಲ. ನಿನ್ನೆ ಕುರ್ಚಿ ಎಳೆದಾಗ ಪರದೆಯ ವೈರು ಬಿಚ್ಚಿತ್ತು, ತಾವೇ ಸಿಕ್ಕಿಸಿದ್ದು ಎಂದರು. ಡಬ್ಬದ ಹಿಂದೆ ಅಂಥ ಕಿಂಡಿಗಳು ಎರಡಿದ್ದವು. ಅವರು ಸಿಕ್ಕಿಸಿದ್ದು ಕೆಲಸ ಮಾಡದ ಕಿಂಡಿಗೆ. ಬದಲಿಸಿದೆ, ಪರದೆ ಬೆಳಗಿತು. ಕೊನೆಗೆ ಮುಟ್ಟಿದವರು ಯಾರು ಎಂದು ಬಾಗಿಲಲ್ಲೇ ಕೇಳಿದ್ದರೆ ಚಹಾ ಆರುವ ಮೊದಲು ಹೊರಡಬಹುದಿತ್ತು.

ಮರುದಿನ ಕಂಪನಿಯವರು ಅವರಿಗೆ ಫೋನ್ ಮಾಡಿ, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು. ಅವರು ಖುಷಿಯಿಂದ ಉತ್ತರ ಹೇಳಿ, ತಕ್ಷಣ ನನಗೂ ಫೋನ್ ಮಾಡಿದರು. "ಎಂಟು ಕೊಟ್ಬುಟ್ಟೆ ಕಣಪ್ಪಾ. ನಮ್ಮ ಕಾಲ್ದಲ್ಲಿ ನಂಗೆ ಯಾರೂ ಆರ್‍ರ ಮೇಲೆ ಕೊಟ್ಟಿರ್‍ಲಿಲ್ಲ."

ಆ ಎಂಟಕ್ಕೆ ನನಗೆ ಬಿದ್ದ ಬೈಗುಳ ಇನ್ನೂ ಕಿವಿಯಲ್ಲಿದೆ. ನಮ್ಮ ಮ್ಯಾನೇಜರ್ ಲೋಕೇಶ್ ಸಾರ್, ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಾ ಬೈಯುವ ಮನುಷ್ಯ. ಪೆನ್ನು ಸಾಲಾದಷ್ಟೂ ಧ್ವನಿ ಏರುತ್ತಿತ್ತು.

"ಎಂಟು ಅಂದ್ರೆ ಸೊನ್ನೆ ಕಣೋ. ಒಂಬತ್ತೂ ಸೊನ್ನೆನೇ. ಹತ್ತು ಬಂದ್ರೆ ಮಾತ್ರ ಮೇಲಿನವ್ರು ಕೆಲಸ ಆಗಿದೆ ಅಂತ ಒಪ್ಕೊಳ್ಳೋದು."

ಈ ಲೆಕ್ಕ ಮಾಡಿದವರು ಮೈಸೂರಿಗೆ ಬಂದಿರಲಾರರು. ನಮ್ಮ ಊರಿನಲ್ಲಿ ಯಾರು ಯಾರಿಗೆ ಹತ್ತಕ್ಕೆ ಹತ್ತು ಕೊಡುತ್ತಾರೆ? ಹೆಂಡತಿ ಮಾಡಿದ ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡವನೂ "ಪರವಾಗಿಲ್ಲ" ಎಂದು ಕೈ ತೊಳೆಯುತ್ತಾನೆ. ನಮ್ಮಲ್ಲಿ ಅದೇ ಅತಿ ದೊಡ್ಡ ಹೊಗಳಿಕೆ. ಆ "ಪರವಾಗಿಲ್ಲ"ವನ್ನು ಕೇಳಿದ ಕಾಲ್ ಸೆಂಟರಿನವರು ಐದು ಎಂದು ಬರೆದುಕೊಳ್ಳುತ್ತಿದ್ದರು. ಊರಿಡೀ ನಮ್ಮ ಕೆಲಸ ಮೆಚ್ಚುತ್ತಿತ್ತು, ಕಂಪನಿಯ ಕಾಗದದಲ್ಲಿ ನಾವು ಪ್ರತಿ ತಿಂಗಳೂ ನಪಾಸು.

ಆಗ ಹುಟ್ಟಿದ ಉಪಾಯ ಇದು. ದೂರು ದಾಖಲಿಸುವಾಗ ಗ್ರಾಹಕರ ನಂಬರಿನ ಜೊತೆ ಇನ್ನೊಂದು ನಂಬರ್ ಬರೆಯಲು ಜಾಗವಿತ್ತು. ಅದನ್ನು ತುಂಬಿದ್ದರೆ ಅಂಕ ಕೇಳುವ ಕರೆ ಆ ಎರಡನೆಯ ನಂಬರಿಗೇ ಹೋಗುತ್ತಿತ್ತು. ಲೋಕೇಶ್ ಸಾರ್ ಮೂರು ಸಿಮ್ ತರಿಸಿ ನನ್ನ ಕೈಗಿತ್ತರು. ಸೆಂಟರಿನ ಎಲ್ಲರ ದೂರಿನಲ್ಲೂ ಎರಡನೆಯ ನಂಬರ್ ನನ್ನದೇ ಆಯಿತು. ಕರೆ ಬಂದಾಗ ನಾನು ಗ್ರಾಹಕನಾಗಿ ಮಾತಾಡಬೇಕು. ಸರಸ್ವತಿಪುರಂನ ಮೂಗಿನಲ್ಲಿ ಮಾತಾಡುವ ಮೇಷ್ಟ್ರು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡ ಯಜಮಾನ್ತಿ, ಕೆಮ್ಮುವ ತಾತ, ಎಲ್ಲರೂ ನಾನೇ. ಎಲ್ಲರೂ ಹತ್ತಕ್ಕೆ ಹತ್ತು. ಒಮ್ಮೊಮ್ಮೆ ಹೊಗಳಿಕೆ ಹೆಚ್ಚಾಗಿ, ಆ ಮಂಜುನಾಥ ಅನ್ನೋ ಹುಡುಗನಿಗೆ ಹೆಣ್ಣು ಕೊಡಬೇಕು ಅನ್ನಿಸ್ತು ಎಂದೂ ಹೇಳಿದ್ದುಂಟು. ಸೆಂಟರಿನವರೆಲ್ಲ ಸುತ್ತ ಕೂತು ಬಾಯಿಗೆ ಕರ್ಚೀಪು ಒತ್ತಿಕೊಂಡು ನಗುತ್ತಿದ್ದರು. ನಾನೂ ದೊಡ್ಡ ಕಲಾವಿದನೆಂದುಕೊಂಡೆ. ಯಾರದೇನು ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲೇ ಇಲ್ಲ.

ಹೋದದ್ದು ಫಿಲೋಮಿನಮ್ಮನ ಮಾತು.

ಫಿಲೋಮಿನಮ್ಮ ಮಂಡಿ ಮೊಹಲ್ಲಾದಲ್ಲಿ ಬ್ಲೌಸ್ ಹೊಲಿಯುವವರು. ವಯಸ್ಸು ಅರವತ್ತರ ಹತ್ತಿರ, ಧ್ವನಿ ಚರ್ಚಿನ ಹಿಂದಿನ ಬೆಂಚಿನವರೆಗೂ ಮೈಕಿಲ್ಲದೆ ತಲುಪುವಂಥದ್ದು. ಅವರ ಮನೆಯ ಮುಂದಿನ ಹಾಲಿನಲ್ಲಿ ಬೀದಿಯ ಹನ್ನೊಂದು ಹೆಂಗಸರು ಹೊಲಿಗೆ ಕಲಿಯುತ್ತಿದ್ದರು. ಹೊಸ ಹೊಸ ಕತ್ತರಿಸುವ ಕ್ರಮಗಳನ್ನು ವಿಡಿಯೊ ಹಾಕಿ ಕಲಿಯಲೆಂದು ಎಲ್ಲರೂ ಸೇರಿ ಒಂದು ದೊಡ್ಡ ಟಿ.ವಿ. ಕೊಂಡಿದ್ದರು. ಆಯ್ಕೆ ಮಾಡಿದ್ದು, ಮನೆಯಲ್ಲಿ ಇಟ್ಟುಕೊಂಡಿದ್ದು ಫಿಲೋಮಿನಮ್ಮ. ವಾರಂಟಿ ಮುಗಿಯಲು ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಬೆಳಿಗ್ಗೆ ಶಬ್ದ ಉಳಿದು ಚಿತ್ರ ಹೋಯಿತು.

ಹೋದವನು ನಾನೇ. ಇದು ಕಷ್ಟದ ಕಾಯಿಲೆಯಲ್ಲ. ಕತ್ತಲಾದ ಪರದೆಗೆ ಟಾರ್ಚ್ ಹತ್ತಿರ ಹಿಡಿದು ನೋಡಿ. ಒಳಗೆ ಚಿತ್ರ ಮಸುಕಾಗಿ ಓಡಾಡುತ್ತಿದ್ದರೆ, ಪರದೆಯ ಹಿಂದಿನ ಎಲ್‌ಇಡಿ ದೀಪದ ಪಟ್ಟಿಗಳು ಹೋಗಿವೆ ಎಂದು ಅರ್ಥ. ಹಾಗೇ ತೋರಿಸಿದೆ. ಹೆಂಗಸರು ಸುತ್ತ ನಿಂತು, ಅಯ್ಯೋ ಒಳಗೇ ಇದಾಳಲ್ಲ ಆ ಟೀಚರ್ ಎಂದು ಬೆರಗಾದರು. ಪಟ್ಟಿ ಬದಲಿಸಿದರೆ ಸಾಕಿತ್ತು. ಆದರೆ ಕಂಪನಿಯ ನಿಯಮದಲ್ಲಿ ಪಟ್ಟಿ ಇಲ್ಲ, ಇಡೀ ಪ್ಯಾನಲ್ಲೇ, ಅಂದರೆ ಪೂರ್ತಿ ಪರದೆಯೇ, ಬರಬೇಕು. ಪ್ಯಾನಲ್ ದಾಸ್ತಾನಿನಲ್ಲಿ ಇರಲಿಲ್ಲ.

ದೂರು ಹೆಚ್ಚು ದಿನ ತೆರೆದಿದ್ದರೆ ಸೆಂಟರಿಗೆ ಕೆಟ್ಟ ಹೆಸರು. ಅದನ್ನು ಮುಚ್ಚಬೇಕಾದರೆ ಗ್ರಾಹಕರ ಫೋನಿಗೆ ಬರುವ ನಾಲ್ಕಂಕಿಯ ಕೋಡ್ ನಮಗೆ ಬೇಕು. ಕೆಲಸ ಮುಗಿದು ತೃಪ್ತಿಯಾದ ಮೇಲೆ ಗ್ರಾಹಕರು ಅದನ್ನು ಕೊಡುವುದು ಕ್ರಮ. ಈಗಲೇ ತಗೊಂಡು ಮುಚ್ಚು, ಪ್ಯಾನಲ್ ಬಂದಾಗ ಹೊಸ ದೂರು ಹಾಕೋಣ ಎಂದರು ಲೋಕೇಶ್ ಸಾರ್. ನಾನು ಫಿಲೋಮಿನಮ್ಮನಿಗೆ, ಪ್ಯಾನಲ್ ತರಿಸುವುದಕ್ಕೆ ಆ ಕೋಡ್ ಬೇಕು ಎಂದು ಸುಳ್ಳು ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ, ಫೋನನ್ನು ದೂರ ಹಿಡಿದು, ಒಂದೊಂದೇ ಅಂಕಿ ಓದಿದರು. ಹೊಸಬರೇ, ಈ ಜಾಗದಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಪರದೆಯಲ್ಲಿ ಚಿತ್ರ ಬರುವ ಮುಂಚೆ ಆ ನಾಲ್ಕು ಅಂಕಿ ಕೇಳಬೇಡಿ. ಮ್ಯಾನೇಜರ್ ಪೆನ್ನು ಜೋಡಿಸಲಿ, ಮೇಜನ್ನೇ ತಲೆಕೆಳಗು ಮಾಡಲಿ, ಕೇಳಬೇಡಿ.

ಮರುದಿನ ಅಂಕ ಕೇಳುವ ಕರೆ ನನ್ನ ಸಿಮ್ಮಿಗೆ ಬಂತು. ಅರ್ಧ ಗಂಟೆ ಅವರ ಮನೆಯಲ್ಲಿ ಕೂತು ಧ್ವನಿ ಹಿಡಿದಿದ್ದೆನಲ್ಲ, ಫಿಲೋಮಿನಮ್ಮನಾಗಿ ಮಾತಾಡಿದೆ. ನನ್ನ ಜೀವಮಾನದ ಒಳ್ಳೆಯ ಮಿಮಿಕ್ರಿ ಅದು. ಹೇಳಲು ನಾಚಿಕೆಯಾಗುತ್ತದೆ.

ಪ್ಯಾನಲ್ ಬರಲಿಲ್ಲ. ವಾರಂಟಿ ಮುಗಿಯಿತು. ಎರಡು ತಿಂಗಳು ಆ ಹೆಂಗಸರು ಹೇಗೆ ಕಲಿತರು ಗೊತ್ತೆ? ಒಬ್ಬರು ಟಿ.ವಿ. ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು, ವಿಡಿಯೊದಲ್ಲಿ ಕತ್ತರಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಟಾರ್ಚ್ ಬಿಡುತ್ತಿದ್ದರು. ಕಿಟಕಿಗೆ ಕಂಬಳಿ ಕಟ್ಟಿಕೊಂಡು, ಪರದೆಯ ಮೇಲಿನ ತಟ್ಟೆಯಗಲದ ಬೆಳಕಿನಲ್ಲಿ ಉಳಿದವರು ತೋಳಿನ ಅಳತೆ ನೋಡಿಕೊಳ್ಳುತ್ತಿದ್ದರು. ಕೈ ನೋವು ಬಂದರೆ ಪಾಳಿ ಬದಲು. ಇದನ್ನು ನಾನು ಆಮೇಲೆ ಕೇಳಿದ್ದು. ಬರೆಯುವಾಗಲೂ ಮೈ ಉರಿಯುತ್ತದೆ.

ಅವರಲ್ಲಿ ಸುಜಾತ ಎಂಬವರಿಗೆ ಫೋನಿನ ವ್ಯವಹಾರ ಚೆನ್ನಾಗಿ ಬರುತ್ತಿತ್ತು. ಅವರು ಕಂಪನಿಗೆ ದೂರು ಬರೆದರು. ಕಂಪನಿ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಿತು: ನಿಮ್ಮ ಟಿ.ವಿ. ಆಗಲೇ ಸರಿಯಾಗಿದೆ, ನೀವೇ ಕೋಡ್ ಕೊಟ್ಟಿದ್ದೀರಿ, ನೀವೇ ಮೆಚ್ಚಿ ಮಾತಾಡಿದ ಧ್ವನಿಮುದ್ರಿಕೆ ಇದರೊಂದಿಗಿದೆ. ಅದನ್ನು ಹನ್ನೊಂದು ಹೆಂಗಸರೂ ಕೇಳಿದರು. ಟಿ.ವಿ. ಕತ್ತಲಾಗಿರುವಾಗ, ಚೆನ್ನಾಗಿ ಬರುತ್ತಿದೆ ಎಂದು ಫಿಲೋಮಿನಮ್ಮ ಕಂಪನಿಗೆ ಯಾಕೆ ಹೇಳಿದರು? ಒಳಗೊಳಗೇ ಏನಾದರೂ ಒಪ್ಪಂದವೆ? ಎದುರಿಗೆ ಯಾರೂ ಕೇಳಲಿಲ್ಲ. ಮಾರನೆಯ ವಾರ ಕ್ಲಾಸಿಗೆ ನಾಲ್ಕು ಜನ ಬರಲಿಲ್ಲ.

ಮೂರು ದಿನ ಬಿಟ್ಟು ಫಿಲೋಮಿನಮ್ಮ ಸುಜಾತರನ್ನು ಕರೆದುಕೊಂಡು ಸರ್ವಿಸ್ ಸೆಂಟರಿಗೆ ಬಂದರು. ಕೌಂಟರಿನ ಮೇಲೆ ಫೋನಿಟ್ಟು ಆ ಧ್ವನಿಮುದ್ರಿಕೆ ಹಾಕಿಸಿದರು. ನನ್ನ ಕಲೆ ಇಡೀ ಕೋಣೆಗೆ ಕೇಳಿಸಿತು: "ಟಿ.ವಿ. ಬಾಳ ಚೆನ್ನಾಗ್ ಬರ್ತಿದೆ ಸಾರ್. ನಿಮ್ಮ ಹುಡುಗ ಬಂಗಾರದಂತೋನು ಸಾರ್. ಹತ್ತಕ್ಕೆ ಹತ್ತು ಆಕ್ಕೊಳಿ ಸಾರ್." ಬೇರೆ ದಿನವಾಗಿದ್ದರೆ ನಮ್ಮವರು ಕರ್ಚೀಪು ಹುಡುಕುತ್ತಿದ್ದರು. ಅವತ್ತು ಎಲ್ಲರೂ ನೆಲ ನೋಡಿದರು.

"ಇದು ನನ್ನ ಗಂಟ್ಲು," ಎಂದರು ಫಿಲೋಮಿನಮ್ಮ. "ನಾನ್ ಆಡಿದ್ ಮಾತಲ್ಲ. ಯಾರು ಆಡಿದ್ದು ಅಂತ ತಿಳ್ಕೊಂಡೇ ಹೋಗೋದು."

ಲೋಕೇಶ್ ಸಾರ್ ನಯವಾಗಿ, ಅಮ್ಮಾ ಗಂಟಲು ನಿಮ್ಮದೇ ಅಂತ ನೀವೇ ಹೇಳ್ತಿದ್ದೀರಿ, ವಯಸ್ಸಾದ ಮೇಲೆ ಮರೆವು ಸಹಜ ಎಂದರು. ಸುಜಾತರು ಫಿಲೋಮಿನಮ್ಮನ ಕಡೆ ನೋಡಿ, ನೋಟ ಬೇರೆ ಕಡೆ ತಿರುಗಿಸಿಕೊಂಡರು. ಆ ತಿರುಗಿಸಿದ್ದನ್ನು ಫಿಲೋಮಿನಮ್ಮನೂ ನೋಡಿದರು, ನಾನೂ ನೋಡಿದೆ.

ಧೈರ್ಯದಿಂದ ಮಾತಾಡಿದೆ ಎಂದು ಬರೆದುಕೊಳ್ಳಬಹುದು. ನಿಜವಾಗಿ, ಬಾಯಿ ನನಗಿಂತ ಮುಂಚೆ ಓಡಿತು. ಕೌಂಟರಿನ ಹಿಂದಿನಿಂದಲೇ ಅದೇ ಮಾತುಗಳನ್ನು ಅದೇ ಧ್ವನಿಯಲ್ಲಿ ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟೆ. 

ಲೋಕೇಶ್ ಸಾರ್ ನಗಲು ಹೊರಟರು. "ತಮಾಷೆ ಹುಡ್ಗ ಕಣಮ್ಮ ಇವ್ನು. ಎಲ್ಲ ಗ್ರಾಹಕರ ದನಿನೂ ಇಂಗೇ ಮಾಡ್ತಾನೆ."

ಎಲ್ಲ ಗ್ರಾಹಕರು ಎಂದು ಅವರ ಬಾಯಿಂದಲೇ ಬಂತು. ಸುಜಾತರು ಆಗಲೇ ಫೋನಿನ ರೆಕಾರ್ಡಿಂಗ್ ಒತ್ತಿದ್ದರು. ಇನ್ನೊಂದ್ ಸಲ ಹೇಳಿ ಸಾರ್ ಎಂದು ಫೋನನ್ನು ಅವರ ಮುಖದ ಹತ್ತಿರ ಹಿಡಿದರು. ಸಾರ್ ಹೇಳಲಿಲ್ಲ. ನಾನು ಹೇಳಿದೆ, ಮೂರು ಸಿಮ್ಮಿನ ಸಮೇತ. ಅದೇ ಸಂಜೆ ನನ್ನ ನಿವೃತ್ತಿ.

ಕಂಪನಿ ಏನು ಮಾಡಿತು ಎಂದು ಕೇಳುವಿರಿ. ವಿಷಯ ಪರಿಶೀಲನೆಯಲ್ಲಿದೆ ಎಂದು ಬರೆಯಿತು. ಇವತ್ತಿಗೂ ಅದು ಪರಿಶೀಲನೆಯಲ್ಲೇ ಇದೆ. ಲೋಕೇಶ್ ಸಾರ್ ಇಂದಿಗೂ ಪೆನ್ನು ಜೋಡಿಸುತ್ತಿದ್ದಾರೆ.

ಫಿಲೋಮಿನಮ್ಮ ಆವತ್ತು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದ್ದರು. ಬೈಯುತ್ತಾರೆಂದು ತಯಾರಾಗಿದ್ದೆ.

"ಟಿ.ವಿ. ಹೋದ್ರೆ ಹೋಗ್ಲಿ. ನಾನು ಹುಟ್ಟಿದಾಗ್ಲಿಂದ ಯಾರ್‍ಗೂ ಇಷ್ಟೊಂದ್ ಸಾರ್ ಸಾರ್ ಅಂದೋಳಲ್ಲ. ನನ್ ಗಂಟ್ಲಲ್ಲಿ ಅದುನ್ನ ಅನ್ನಿಸ್‌ಬುಟ್ಯಲ್ಲೋ."

 ಟಿ.ವಿ. ಸರಿ ಮಾಡಿಕೊಡುತ್ತೇನೆ ಎಂದೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಎಲ್ಲರನ್ನೂ ಸೇರಿಸುತ್ತೇನೆ, ಬಂದು ಮಾಡು ಎಂದರು. ಬರದಿದ್ದ ನಾಲ್ವರನ್ನೂ ಕರೆಸುತ್ತೇನೆ ಎಂದು ಸೇರಿಸಿದರು.

ಭಾನುವಾರ ಖಾದರ್ ಸಾಬರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಎರಡು ದುಪ್ಪಟಿ ಹಾಸಿ ಟಿ.ವಿ.ಯನ್ನು ಮಲಗಿಸಿದೆವು. ಪರದೆಯ ಗಾಜು ಹಪ್ಪಳದಂತೆ ತೆಳು. ಒಂದು ಮೂಲೆ ಬಾಗಿದರೆ ಮುಗಿಯಿತು. ನಾಲ್ಕು ಮೂಲೆಗೆ ನಾಲ್ವರು ಹೆಂಗಸರು ನಿಂತು, ಸಾಬರು ಎಣಿಸಿದಂತೆ ಒಟ್ಟಿಗೆ ಎತ್ತಿ ಪಕ್ಕಕ್ಕಿಟ್ಟರು. ಬಟ್ಟೆಯ ನೆರಿಗೆ ಹಿಡಿದು ಅಭ್ಯಾಸವಿದ್ದ ಕೈಗಳು, ನಮ್ಮ ಸೆಂಟರಿನ ಯಾರ ಕೈಗಿಂತಲೂ ಚೆಂದವಾಗಿ ಹಿಡಿದವು. ಸಾಬರು ಒಂದೊಂದು ದೀಪಕ್ಕೂ ಮೀಟರ್ ಮುಟ್ಟಿಸಿ, ಸತ್ತ ಪಟ್ಟಿಗಳನ್ನು ತೋರಿಸಿದರು. ಅಂಟಿಸುವುದು, ಬೆಸುಗೆ ಹಾಕುವುದು ನನ್ನ ಕೆಲಸ. ಮಧ್ಯಾಹ್ನದ ಊಟದ ಹೊತ್ತಿಗೆ ಗಾಜು ಮತ್ತೆ ಕೂತಿತು. ರಿಮೋಟ್ ಒತ್ತಿದರೆ ಹೊಲಿಗೆ ಟೀಚರ್ ಕೆಂಪು ಸೀರೆಯಲ್ಲಿ ಪೂರ್ತಿಯಾಗಿ ಕಾಣಿಸಿಕೊಂಡರು. ಅವರ ಸೀರೆಯ ಬಣ್ಣ ಎರಡು ತಿಂಗಳಿಂದ ಯಾರಿಗೂ ಗೊತ್ತಿರಲಿಲ್ಲ. ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ನಾನು ಚೀಲ ತುಂಬಿಕೊಂಡು ಮೆಲ್ಲಗೆ ಎದ್ದೆ.

ಫಿಲೋಮಿನಮ್ಮ ಟಿ.ವಿ.ಯ ಶಬ್ದ ನಿಲ್ಲಿಸಿದರು.

"ಕೂತ್ಕೊಳಿ ಎಲ್ರೂ. ಇವ್ನು ಏನೋ ಹೇಳ್ತಾನೆ." ನನ್ನ ಕಡೆ ತಿರುಗಿದರು. "ನನ್ ದನೀಲಿ ಬ್ಯಾಡ. ನಿನ್ದ್ರಲ್ಲೇ ಹೇಳು."

ಹನ್ನೊಂದು ಜನ ಹೊಲಿಗೆ ಯಂತ್ರಗಳ ಹಿಂದೆ ಕೂತು ನೋಡುತ್ತಿದ್ದರು. ಇಂದು ಸಾವಿರ ಜನರ ಮದುವೆಯಲ್ಲಿ ಮಾತಾಡುವ ಬಾಯಿ ಇದು. ಅವತ್ತು ಯಾವ ಧ್ವನಿಯಲ್ಲಿ ಶುರು ಮಾಡಬೇಕೆಂದೇ ತಿಳಿಯದೆ ಎರಡು ಸಲ ಕೆಮ್ಮಿದೆ. ಆಮೇಲೆ ಹೇಳಿದೆ: ಕೋಡನ್ನು ಸುಳ್ಳು ಹೇಳಿ ತೆಗೆದುಕೊಂಡವನು ನಾನು, ಫೋನಿನಲ್ಲಿ ಮಾತಾಡಿದವನು ನಾನು, ಫಿಲೋಮಿನಮ್ಮ ನಿಮ್ಮಲ್ಲಿ ಯಾರಿಗೂ ಮೋಸ ಮಾಡಿಲ್ಲ.

ಬರದಿದ್ದ ನಾಲ್ವರಲ್ಲಿ ಒಬ್ಬರು ಕೊನೆಯ ಯಂತ್ರದ ಹಿಂದಿದ್ದರು.

"ಇಲ್ಲೀಗಂಟ ಕೇಳಿಸ್ಲಿಲ್ಲ," ಎಂದರು. "ಇನ್ನೊಂದ್ ಸಲ ಹೇಳಪ್ಪ."

ಹೇಳಿದೆ.